ಗೇಣು ದೂರದ ಚೆಂಡು

ಚೆಂಡು ಮತ್ತೆ ಸ್ಟೀಲ್ ಲೋಟದ ಅಂಚಿಗೆ ಬಡಿದು ಸೋಫಾದ ಅಡಿಗೆ ಹೋಯಿತು. ಬೆಳಗ್ಗೆಯಿಂದ ಇದು ಎಷ್ಟನೆಯ ಸಲ ಎಂದು ಎಣಿಸುವುದನ್ನು ಅವನು ಆಗಲೇ ಬಿಟ್ಟಿದ್ದ. ನಡುಮನೆಯ ಜಮಖಾನದ ಮೇಲೆ ಅಡ್ಡ ಮಲಗಿಸಿದ ಲೋಟ, ಅದರಿಂದ ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು ದೂರದಲ್ಲಿ ಬಿಳಿ ಚೆಂಡು, ಕೈಯಲ್ಲಿ ಪಟರ್ ಎಂಬ ಚಪ್ಪಟೆ ಮೂತಿಯ ಕೋಲು. ನಡೆಯಲು ಕಲಿಯುತ್ತಿರುವ ಮಗು ಬೇಕಾದರೂ ಕಾಲಲ್ಲಿ ತಳ್ಳಿ ಒಳಗೆ ಹಾಕುತ್ತಿತ್ತು. ಗಾಲ್ಫ್ ಮೈದಾನದಲ್ಲಿ ದೂರದ ಹೊಡೆತಗಳಿಗೆ ಅವನನ್ನು ಯಾರೂ ಆಡಿಕೊಳ್ಳುವಂತಿರಲಿಲ್ಲ. ಚೆಂಡು ಆಕಾಶಕ್ಕೆ ಏರಿ, ಮರಗಳ ಸಾಲು ದಾಟಿ, ಹೇಳಿದ ಕಡೆ ಹೋಗಿ ಕೂರುತ್ತಿತ್ತು. ಅಷ್ಟೆಲ್ಲ ದೂರ ನಡೆದು ಬಂದು, ಕುಳಿಯ ಬಾಯಿ ಎದುರಿಗೆ ಕಾಣುತ್ತಿರುವಾಗ, ಕೋಲು ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಹೊತ್ತಿಗೆ, ಚೆಂಡಿಗೆ ಇನ್ನೇನು ತಾಗಬೇಕು ಎನ್ನುವಾಗ, ಬಲಗೈ ಅವನನ್ನು ಒಂದು ಮಾತೂ ಕೇಳದೆ ಎಗರುತ್ತಿತ್ತು. ನಿದ್ದೆ ಹತ್ತುವಾಗ ಕಾಲು ತಾನಾಗಿ ಒದ್ದುಕೊಳ್ಳುತ್ತದಲ್ಲ, ಹಾಗೆ. ಅವನು ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಒತ್ತಿ, ಸೋಫಾದ ಅಡಿಗೆ ಕೈ ಚಾಚಿದ. ಹಲ್ಲಿನ ಡಾಕ್ಟರಾಗಿ ತಲೆ ನರೆಸಿಕೊಂಡ ಮನುಷ್ಯ ಭಾನುವಾರ ಬೆಳಗ್ಗೆ ಧೂಳಿನಲ್ಲಿ ತಡಕಾಡುತ್ತಿರುವುದು ಅವನಿಗೇ ಅಸಹ್ಯವಾಗಿ ಕಂಡಿತು.

ಊಟದ ಮೇಜಿನ ಬಳಿ ಹೆಂಡತಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ, ಬಾಯಿಯ ಬಲಗಡೆಗೆ ಸರಿಸಿಕೊಂಡು ಜಗಿಯುತ್ತಿದ್ದಳು. ಎಡಗಡೆ ಕೆಳಗಿನ ದವಡೆ ಹಲ್ಲೊಂದು ಒಳಗೊಳಗೇ ಕೊಳೆತು ನರ ಮುಟ್ಟಿತ್ತು. ಅದರ ಬೇರಿನೊಳಗೆ ಕೂದಲಿನಷ್ಟು ಸಣ್ಣ ಸೂಜಿಗಳನ್ನು ಇಳಿಸಿ, ಕೆಟ್ಟದ್ದನ್ನೆಲ್ಲ ಕೆರೆದು ತೆಗೆದು, ಮುಚ್ಚಬೇಕು. ದಿನ ಬೆಳಗಾದರೆ ಅವನು ಮಾಡುವ ಕೆಲಸವೇ. ಮಗಳು ಫೋನಿನಲ್ಲಿ, 'ಅಮ್ಮನ ಹಲ್ಲು ಇವರೇ ಮಾಡ್ಲಿ ಬಿಡಪ್ಪ, ನಿನಗ್ಯಾಕೆ ತೊಂದರೆ' ಎಂದಿದ್ದಳು. ಇವರು ಅಂದರೆ ಅಳಿಯ. ಅದೇ ಕ್ಲಿನಿಕ್ಕಿನ ಎರಡನೆಯ ಕುರ್ಚಿಯ ಡಾಕ್ಟರು. ನಿಮ್ಮಮ್ಮನ ಬಾಯಲ್ಲಿ ಬೇರೆಯವರ ಕೈ ಯಾಕೆ, ನಾನೇನು ಸತ್ತಿದ್ದೀನಾ ಎಂದು ಅವನು ರೇಗಿದ್ದ. ರೇಗಿದ್ದು ಹೆಚ್ಚಾಯಿತು ಎಂದು ಫೋನಿಡುವಾಗಲೇ ಅನ್ನಿಸಿತ್ತು. ಹೆಂಡತಿಯನ್ನು ಕೇಳಿದರೆ ಅವಳು, ನೀವು ಹೇಗೆ ಹೇಳ್ತೀರೋ ಹಾಗೆ, ಎಂದು ತರಕಾರಿ ಹೆಚ್ಚುವುದನ್ನು ಮುಂದುವರಿಸಿದ್ದಳು. ಆ ಮಾತಿಗೆ ಅವಳು ಮುಖ ಎತ್ತಿದ್ದಳೋ ಇಲ್ಲವೋ ಎಂದು ಆಮೇಲೆ ಎಷ್ಟು ನೆನಪು ಮಾಡಿಕೊಂಡರೂ ತಿಳಿಯಲಿಲ್ಲ. ಅಂತೂ ಈ ದಿನ ಮಧ್ಯಾಹ್ನ, ರಜೆಯ ದಿನ ಬೇರೆ ರೋಗಿಗಳಾರೂ ಇಲ್ಲದ ಹೊತ್ತಿನಲ್ಲಿ, ಈ ಕೈಯೇ ಅವಳ ಬಾಯೊಳಗೆ ಹೋಗಬೇಕಿತ್ತು.

ಕ್ಲಿನಿಕ್ಕಿನಲ್ಲಿ ಕೈ ಎಗರುವುದಿಲ್ಲ, ಅದು ಬರೀ ಆಟದ ರೋಗ ಎಂದು ಅವನು ಬಹಳ ದಿನ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಹೋದ ತಿಂಗಳು ಒಬ್ಬ ಶಾಲಾ ಮೇಷ್ಟರು ಬಾಯಿ ಕಳೆದು ಕುಳಿತಿದ್ದರು. ಸೂಜಿ ಹಲ್ಲಿನ ಬಾಯಿಗೆ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಕೈ ಎಗರಿ ತುಟಿಯ ಮೇಲೆ ಒಂದು ಗೆರೆ ಎದ್ದಿತು. ಮರಗಟ್ಟಿದ ತುಟಿಗೆ ಅದು ತಿಳಿಯಲೂ ಇಲ್ಲ. ನರ್ಸಮ್ಮ ಹತ್ತಿಯಿಂದ ರಕ್ತ ಒತ್ತಿ ತೆಗೆದಳು. ಅವಳು ಅವನ ಮುಖ ನೋಡಿದ್ದರೆ ಚೆನ್ನಾಗಿತ್ತು. ಅವಳು ಹತ್ತಿಯನ್ನೂ ನೋಡದೆ, ಅವನನ್ನೂ ನೋಡದೆ, ಗೋಡೆಯ ಕಡೆ ನೋಡುತ್ತ ಅದನ್ನು ಬುಟ್ಟಿಗೆ ಹಾಕಿದಳು. ಮಾರನೆಯ ದಿನದಿಂದ ಬೇರಿನ ಕೆಲಸವೆಲ್ಲ ಅಳಿಯನ ಕುರ್ಚಿಗೆ ಹೋಗತೊಡಗಿತು. ಅವನ ಪಾಲಿಗೆ ಹಲ್ಲು ಶುಚಿ ಮಾಡುವುದು, ಅಲುಗಾಡುವ ಹಾಲುಹಲ್ಲು ಕೀಳುವುದು, ದಂತಪಂಕ್ತಿಯ ಅಳತೆ ತೆಗೆಯುವುದು. ಯಾರೂ ಏನೂ ಹೇಳಲಿಲ್ಲ. ನೀವು ಹಿರಿಯರು, ಸುಸ್ತಾಗಬಾರದು ಎಂಬ ಒಂದು ನಯವಾದ ಗಾಳಿ ಕ್ಲಿನಿಕ್ಕಿನ ತುಂಬ ಬೀಸುತ್ತಿತ್ತು. ಅದಕ್ಕೆ ಎದುರಾಡುವುದು ಹೇಗೆ? ಒಬ್ಬನಾದರೂ 'ನಿಮ್ಮ ಕೈ ನಡುಗುತ್ತೆ' ಎಂದಿದ್ದರೆ ಹಾರಾಡಬಹುದಿತ್ತು.

ಹಾಗಾಗಿ ಅವನು ತನ್ನೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದ. ಬೆಳಗಿನ ಆಟದಲ್ಲಿ ಹತ್ತಿರದ ಚೆಂಡುಗಳು ಕುಳಿಗೆ ಬಿದ್ದರೆ ಮಧ್ಯಾಹ್ನ ಹೆಂಡತಿಯ ಹಲ್ಲಿಗೆ ಕೈ ಹಾಕುವುದು. ಬೀಳದಿದ್ದರೆ ಏನು ಎಂಬುದನ್ನು ಯೋಚಿಸಲು ಹೋಗಿರಲಿಲ್ಲ. ಮೇಜಿನಿಂದ ಎದ್ದ ಹೆಂಡತಿ, ಅವನು ಸೋಫಾದ ಅಡಿಯಿಂದ ತೆಗೆದ ಚೆಂಡನ್ನು ಸೆರಗಿನಿಂದ ಒರೆಸಿ ಕೊಟ್ಟು, ಆಗಲೇ ಒಂದು ಒಳಗೆ ಹೋದ ಸದ್ದು ಕೇಳಿಸಿತಲ್ಲ ಎಂದಳು. ಹೋಗಿರಲಿಲ್ಲ. ಲೋಟಕ್ಕೆ ಅವನ ಕಾಲು ತಾಗಿ ಆದ ಸದ್ದು ಅದು. ಅವಳಿಗೂ ಗೊತ್ತಿತ್ತೇನೋ. ಹೊಸದಾಗಿ ಕಾರು ಕಲಿತಾಗ ಅವನು ಗೇಟಿನ ಕಂಬಕ್ಕೆ ಗುದ್ದಿದ್ದ. ಆಗ ಇವಳು ಇಳಿದು ನೋಡಿ, ಕಂಬವೇ ಸೊಟ್ಟಗಿದೆ ರೀ ಎಂದಿದ್ದಳು. ಇಸ್ಪೀಟಿನಲ್ಲಿ ಗೆಲ್ಲುವ ಎಲೆಯನ್ನು ತೊಡೆಯ ಕೆಳಗೆ ಬಚ್ಚಿಟ್ಟು ಸೋಲುತ್ತಿದ್ದಳು. ಆಗೆಲ್ಲ ಅವನಿಗೆ ಅದು ಹಿತವಾಗಿತ್ತು. ಈಗ ಚೆಂಡನ್ನು ಇಸಿದುಕೊಳ್ಳುವಾಗ ಸಿಟ್ಟು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಕ್ಲಬ್ಬಿಗೆ ಹೋಗುವ ದಾರಿಯಲ್ಲಿ ಅಳಿಯ ಕಾರು ಓಡಿಸುತ್ತಿದ್ದ. ಕೆಂಪು ದೀಪಕ್ಕೆ ನಿಂತಾಗಲೆಲ್ಲ ಅವನು ಸ್ಟಿಯರಿಂಗಿನ ಮೇಲೆ ಸುಮ್ಮನೆ ಮಲಗಿರುವ ಅಳಿಯನ ಬೆರಳುಗಳನ್ನು ನೋಡಿದ. ಹೆಚ್ಚು ಮಾತಿಲ್ಲದ ಹುಡುಗ, ಒಳ್ಳೆಯವನು, ದೂರುವುದಕ್ಕೆ ಒಂದೂ ಕಾರಣ ಕೊಡದವನು. ಅದೇ ಅವನ ಮೇಲಿದ್ದ ದೂರು. ಗಾಲ್ಫ್ ಕಲಿಸಿದ್ದೂ ತಾನೇ. ತನ್ನ ಕೈಗೆ ಈ ಚಾಳಿ ಹತ್ತಿದ ಮೇಲೆ ಅವನು ಮಾಡದ ಪ್ರಯೋಗ ಇರಲಿಲ್ಲ. ಎಡಗೈ ಕೆಳಗೆ ಬಲಗೈ ಮೇಲೆ ಹಿಡಿದು ನೋಡಿದ. ಬಲಗೈಯನ್ನು ಕುಂಚ ಹಿಡಿದ ಹಾಗೆ ಬರೀ ಬೆರಳ ತುದಿಯಲ್ಲಿ ತಾಗಿಸಿ ನೋಡಿದ. ತೂಕದ ಕೋಲು ಕೊಂಡ, ಹಿಡಿ ದಪ್ಪಗಿರುವ ಕೋಲು ಕೊಂಡ, ಎದೆಯ ತನಕ ಬರುವ ಉದ್ದನೆಯದನ್ನು ಯಾರಿಂದಲೋ ತಂದು ಒಂದು ವಾರ ಪೊರಕೆ ಹಿಡಿದವನ ಹಾಗೆ ಓಡಾಡಿದ. ಚೆಂಡನ್ನು ನೋಡದೆ ಕುಳಿಯನ್ನು ನೋಡುತ್ತ ಹೊಡೆಯಬೇಕು ಎಂದು ಒಬ್ಬ ಬರೆದಿದ್ದರೆ, ಕುಳಿಯನ್ನು ಮರೆತು ಚೆಂಡಿನ ಮುಂದಿನ ಒಂದು ಹುಲ್ಲಿನ ಎಸಳಿನ ಮೇಲೆ ಕಣ್ಣಿಡಬೇಕು ಎಂದು ಇನ್ನೊಬ್ಬ. ಕಣ್ಣು ಮುಚ್ಚಿ ಹೊಡೆ, ಉಸಿರು ಬಿಡುತ್ತ ಹೊಡೆ, ಮನಸ್ಸಿನಲ್ಲಿ ಹಾಡು ಗುನುಗುತ್ತ ಹೊಡೆ. ಒಂದೊಂದು ಉಪಾಯವೂ ಎರಡು ದಿನ ಕೆಲಸ ಮಾಡುತ್ತಿತ್ತು. ಮೂರನೆಯ ದಿನ ಕೈ ಅದನ್ನೂ ಪತ್ತೆ ಹಚ್ಚಿಬಿಡುತ್ತಿತ್ತು.

ಕ್ಲಬ್ಬಿನಲ್ಲಿ ಜಡ್ಜ್ ಸಾಹೇಬರು ಕಾಯುತ್ತಿದ್ದರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ತೀರ್ಪು ಕೊಡುವ ಚಟ ಬಿಟ್ಟಿರಲಿಲ್ಲ. ಭಾನುವಾರದ ಪಂದ್ಯ ಮಾವನಿಗೂ ಅಳಿಯನಿಗೂ ನಡುವೆ. ಜಡ್ಜರು ಜೊತೆಗೆ ನಡೆಯುತ್ತ, ತಮ್ಮದೂ ಒಂದು ಚೆಂಡು ಹೊಡೆಯುತ್ತ, ಇಬ್ಬರಿಗೂ ಬುದ್ಧಿ ಹೇಳುತ್ತಿದ್ದರು. ಮೊದಲನೆಯ ಗ್ರೀನಿನಲ್ಲಿ, ಬೋಳಿಸಿದ ಕೆನ್ನೆಯಷ್ಟು ನುಣುಪಾದ ಆ ಹುಲ್ಲಿನ ಮೇಲೆ, ಅವನ ದೂರದ ಚೆಂಡು ಉರುಳಿಕೊಂಡು ಬಂದು ಕುಳಿಯಿಂದ ಗೇಣು ದೂರದಲ್ಲಿ ನಿಂತಿತು. ಸರಿ, ಶುರುವಾಯಿತು ಪರೀಕ್ಷೆ, ಎಂದುಕೊಂಡ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾಲು ಜೋಡಿಸಿ ಬಗ್ಗಿದ. ಅಷ್ಟರಲ್ಲಿ ಅಳಿಯ ನಗುತ್ತ 'ಕೊಟ್ಟೆ ಮಾವ' ಎಂದು, ಆ ಚೆಂಡನ್ನು ತಾನೇ ಎತ್ತಿ, ಅವನ ಕೈಗೆ ಹಾಕಿದ.

ಆಟದಲ್ಲಿ ಹಾಗೊಂದು ಪದ್ಧತಿ ಉಂಟು. ಚೆಂಡು ಕುಳಿಗೆ ತೀರ ಹತ್ತಿರ ಬಂದರೆ ಎದುರಾಳಿ 'ಕೊಟ್ಟೆ' ಎನ್ನಬಹುದು. ಅಂದರೆ ಮುಗಿಯಿತು, ಬಿದ್ದ ಹಾಗೆಯೇ ಲೆಕ್ಕ, ಮತ್ತೆ ಹೊಡೆಯಬೇಕಾಗಿಲ್ಲ. ಕೊಡಿ ಎಂದು ಕೇಳುವುದು ಸಣ್ಣತನ, ಕೊಟ್ಟದ್ದನ್ನು ಬೇಡ ಎನ್ನುವುದು ಒರಟುತನ. ಇಷ್ಟು ವರ್ಷ ಅವನು ಆ ಮರ್ಯಾದೆಯನ್ನು ಸಂತೋಷದಿಂದಲೇ ತೆಗೆದುಕೊಂಡಿದ್ದ. ಕ್ಲಬ್ಬಿನಲ್ಲಿ ಅರ್ಧ ಜನರ ಬಾಯಿ ಅವನು ನೋಡಿದವನು; ಡಾಕ್ಟರಿಗೆ ಗೇಣು ದೂರದ ಚೆಂಡನ್ನು ಕೊಡದೆ ಸತಾಯಿಸುವವರು ಯಾರು? ಹತ್ತಿರದ ಚೆಂಡನ್ನು ತಾನೇ ಹೊಡೆದು ಒಳಗೆ ಬೀಳಿಸಿದ್ದು ಕೊನೆಯ ಸಲ ಯಾವಾಗ ಎಂದು ಎರಡನೆಯ ಕುಳಿಯ ಕಡೆ ನಡೆಯುತ್ತ ನೆನಪು ಮಾಡಿಕೊಂಡ. ನೆನಪಾಗಲಿಲ್ಲ. ನೆನಪಾದದ್ದು ಕಾಲೇಜಿನ ಕೊನೆಯ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು, ಇವನ ಪ್ರೊಫೆಸರರ ಗೆಳೆಯರು, ಅವನು ಸೂಜಿ ಎತ್ತಿಕೊಳ್ಳುತ್ತಿದ್ದಂತೆ ಭುಜ ತಟ್ಟಿ, ಸಾಕಪ್ಪ, ಗೊತ್ತಾಯ್ತು, ಒಳ್ಳೆ ಹುಡುಗ ನೀನು, ಎಂದು ಮುಂದಿನ ಕುರ್ಚಿಗೆ ಹೋಗಿದ್ದರು. ಆ ಸೂಜಿ ಇಳಿಸಿದ್ದರೆ ಏನಾಗುತ್ತಿತ್ತು ಎಂದು ಅವತ್ತು ಸಂಜೆ ಗೆಳೆಯರ ಜೊತೆ ಕುಣಿಯುವಾಗಲೂ ಒಂದು ಸಲ ಅನ್ನಿಸಿತ್ತು. ಆಮೇಲೆ ಎಷ್ಟೋ ಸಾವಿರ ಹಲ್ಲು ಮಾಡಿದ ಕೈ ಇದು. ಆದರೂ ಹಾಳು ನೆನಪು ಇವತ್ತೇ ಬರಬೇಕೆ?

ಎರಡನೆಯದರಲ್ಲೂ ಕೊಟ್ಟರು. ಮೂರನೆಯದರಲ್ಲಿ ಅಳಿಯ ಬಾಯಿ ತೆರೆಯುವ ಮೊದಲೇ ಹೊಡೆದುಬಿಡೋಣ ಎಂದು ಓಡುವವನ ಹಾಗೆ ಹೆಜ್ಜೆ ಹಾಕಿದರೆ, ಜಡ್ಜರು ಅಷ್ಟು ದೂರದಿಂದಲೇ ಕೈ ಎತ್ತಿ, ಎತ್ಕೊಳ್ಳಿ ಡಾಕ್ಟ್ರೇ, ಅದಕ್ಕೆಲ್ಲ ವಿಚಾರಣೆ ಬೇಡ, ಎಂದು ಕೂಗಿದರು. ಪಂದ್ಯ ಅವರದಲ್ಲ, ಕೊಡುವ ಹಕ್ಕೂ ಅವರದಲ್ಲ. ಅಳಿಯ ಅದಕ್ಕೂ ತಲೆಯಾಡಿಸಿದ. ಆಗ ಅವನು ಇನ್ನೊಂದು ದಾರಿ ಹಿಡಿದ. ಬೇಕೆಂದೇ ದೂರದ ಚೆಂಡನ್ನು ಮೆತ್ತಗೆ ಹೊಡೆದು ಒಂದು ಮಾರು ಹಿಂದೆ ನಿಲ್ಲಿಸಿದ. ಇದನ್ನಂತೂ ಯಾರೂ ಕೊಡುವಂತಿಲ್ಲ. ಅಳಿಯ ಒಂದು ಕ್ಷಣ ಚೆಂಡನ್ನು ನೋಡಿದ, ಮಾವನ ಕೈಯನ್ನು ನೋಡಿದ. ಕೈಯನ್ನು ನೋಡಿದ್ದು ಅವನಿಗೆ ಕಂಡಿತು. 'ಅದೂ ಆಯ್ತು ಬಿಡಿ ಮಾವ.' ಅವನು ಎಷ್ಟು ಹಿಂದೆ ನಿಲ್ಲಿಸಿದರೆ ಅವರ ಔದಾರ್ಯವೂ ಅಷ್ಟಷ್ಟೇ ಹಿಂದೆ ಸರಿದು ಬಂದು ಕಾಲಿಗೆ ತೊಡರಿಕೊಳ್ಳುತ್ತಿತ್ತು. ಹೊಟ್ಟೆ ಹಸಿದವನು ಊಟಕ್ಕೆ ಕೂತಾಗ, ನೀವು ಉಂಡ ಹಾಗೇ ಆಯ್ತು ಎಂದು ಎಲೆ ಎತ್ತಿದರೆ ಹೇಗಿರುತ್ತದೆ? ಅವನಿಗೆ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿಯುವಷ್ಟು ಕೋಪ ಬಂತು. ಬಂದ ಕೋಪವನ್ನು ನುಂಗಿ, ಥ್ಯಾಂಕ್ಸ್ ಎಂದ.

ಅಳಿಯನಿಗೆ ಮಾತ್ರ ಯಾರೂ ಕೊಡುತ್ತಿರಲಿಲ್ಲ. ಅವನ ಚೆಂಡು ಕುಳಿಯ ತುಟಿಯಲ್ಲೇ ಕೂತಿದ್ದರೂ ಅವನು ಬಗ್ಗಿ, ಒಂದು ಸಲ ನೋಡಿ, ಟಕ್ ಎಂದು ಹೊಡೆದು, ಒಳಗೆ ಬಿದ್ದ ಚೆಂಡನ್ನು ಎತ್ತಿಕೊಂಡು ಜೇಬಿಗೆ ಹಾಕುತ್ತಿದ್ದ. ಅವನಿಗೆ ಕೊಡಬೇಕಾದವನು ಮಾವ. ಆಟ ಕಲಿಸುವಾಗ ಅವನು, ನಿನಗೆ ನಾನು ಒಂದೂ ಕೊಡಲ್ಲ, ಹೊಡೆದು ಹಾಕು, ಆಗಲೇ ಕೈ ಕೂರೋದು ಎಂದಿದ್ದ. ಕಟ್ಟುನಿಟ್ಟು ಎನ್ನುವುದಕ್ಕಿಂತ ಅದರಲ್ಲಿ ಮಗಳನ್ನು ಕೊಟ್ಟವನ ಸಣ್ಣ ಹಟವೂ ಇತ್ತು. ಕ್ಲಿನಿಕ್ಕಿನಲ್ಲೂ ಅಷ್ಟೇ. ಕಷ್ಟದ ಹಲ್ಲುಗಳನ್ನು ಮೊದಲ ವರ್ಷವೇ ಅಳಿಯನ ಮುಂದೆ ಹಾಕಿ, ಹಿಂದೆ ಕೈಕಟ್ಟಿ ನಿಂತು, ತಪ್ಪಿದರೆ ನಾಲಗೆ ಲೊಚಗುಟ್ಟುತ್ತಿದ್ದ. ಆ ಲೊಚಗುಟ್ಟುವಿಕೆಯ ನಡುವೆ ಕೂತ ಕೈ ಇವತ್ತು ಹೀಗೆ ಸ್ಟಿಯರಿಂಗಿನ ಮೇಲೆ ನೆಮ್ಮದಿಯಾಗಿ ಮಲಗಿರುತ್ತದೆ. ಜಡ್ಜರು ಹತ್ತಿರ ಬಂದು, ತಲೆ ಎತ್ತಬೇಡಿ ಡಾಕ್ಟ್ರೇ, ಚೆಂಡು ಬಿದ್ದದ್ದನ್ನ ಕಣ್ಣಲ್ಲಿ ನೋಡಬಾರದು, ಕಿವೀಲಿ ಕೇಳಬೇಕು, ಎಂದು ಉಪದೇಶ ಮಾಡಿದರು. ಯಾವ ಚೆಂಡು ಸ್ವಾಮಿ, ನೀವು ಹೊಡೆಯೋಕೆ ಬಿಟ್ಟರಲ್ಲವೆ ಎಂದು ನಾಲಗೆಯ ತುದಿಗೆ ಬಂದದ್ದನ್ನು ಅವನು ಹಿಂದಕ್ಕೆ ಎಳೆದುಕೊಂಡ. ಬಿಸಿಲು ಏರಿತ್ತು. ಇವರ ನಯವನ್ನೆಲ್ಲ ಸುತ್ತಿ ಕೊಳಕ್ಕೆ ಎಸೆಯಬೇಕು ಎನ್ನಿಸಿತು.

ಕೊನೆಯ ಗ್ರೀನಿಗೆ ಬರುವ ಹೊತ್ತಿಗೆ ಇಬ್ಬರೂ ಸಮ ಸಮ. ಅಳಿಯ ತನ್ನದನ್ನು ಮುಗಿಸಿ ಪಕ್ಕಕ್ಕೆ ನಿಂತಿದ್ದ. ಮಾವನ ಚೆಂಡು ಕುಳಿಯಿಂದ ಎರಡು ಗೇಣು ದೂರ. ಬಿದ್ದರೆ ಸಮ, ತಪ್ಪಿದರೆ ಸೋಲು. ಇಡೀ ಬೆಳಗಿನಲ್ಲಿ ಇದೊಂದಕ್ಕೆ ಬೆಲೆ ಇತ್ತು, ಇದೊಂದನ್ನು ಯಾರೂ ಕೊಡಲಾರರು. ಅವನು ಬಗ್ಗಿದ. ಕಣ್ಣ ಮುಂದೆ ಕುಳಿ ಇರಲಿಲ್ಲ. ಎಡಗಡೆಯ ದವಡೆ ಹಲ್ಲಿತ್ತು, ಅದರ ನಡುವೆ ತೆರೆದ ಕಪ್ಪು ಬಾಯಿ. ಬಲಗೈಯ ಮಣಿಕಟ್ಟಿನಲ್ಲಿ ಏನೋ ಒಂದು ಕಾಯುತ್ತ ಕೂತಿತ್ತು. ಬರಲಿ, ಬರುವುದಿದ್ದರೆ ಈಗಲೇ ಬರಲಿ, ಎಲ್ಲರೂ ನೋಡಲಿ ಎಂದು ಕೋಲನ್ನು ಹಿಂದಕ್ಕೆ ಒಯ್ಯಬೇಕೆನ್ನುವಾಗ ಅಳಿಯನ ದನಿ ಮೆಲ್ಲಗೆ ಬಂತು. ಕೊಟ್ಟೆ ಮಾವ, ಸಮ ಸಮ ಆಯ್ತು, ನಡೀರಿ ಹೋಗೋಣ, ಅತ್ತೆ ಕಾಯ್ತಿರ್ತಾರೆ.

ಅವನು ನೆಟ್ಟಗಾದ. 'ಯಾಕೆ ಕೊಟ್ಟೆ?'

ಅಳಿಯ, ಹತ್ತಿರ ಇತ್ತಲ್ಲ ಮಾವ ಎಂದ. ಹತ್ತಿರ ಇದ್ದರೆ ನೀನು ಹೊಡೆಯಲಿಲ್ಲವೆ, ನಾನು ಯಾಕೆ ಹೊಡೆಯಬಾರದು ಎಂದು ಇವನು ಕೇಳಿದ. ದನಿ ತನಗೇ ಕರ್ಕಶವಾಗಿ ಕೇಳಿಸಿತು. ಜಡ್ಜರು ಬಾವುಟದ ಕೋಲಿಗೆ ಒರಗಿಕೊಂಡು, ಪ್ರಪಂಚದಲ್ಲಿ ಎಲ್ಲಕ್ಕಿಂತ ಕುತೂಹಲದ ವಸ್ತು ತಮ್ಮ ಬೂಟು ಎನ್ನುವಂತೆ ಅದನ್ನೇ ನೋಡತೊಡಗಿದರು. ಅಳಿಯನ ಮುಖ ಕೆಂಪಾಯಿತು. ಅವನು ಹೇಳಬಹುದಾದ ಮಾತು ಒಂದೇ ಇತ್ತು, ಅದು ಅವನ ತುಟಿಯ ತನಕ ಬಂದದ್ದೂ ಕಂಡಿತು. ಬಂದು, ಹಿಂದಕ್ಕೆ ಹೋಯಿತು. ಸರಿ ಮಾವ, ಹೊಡೀರಿ, ಎಂದಷ್ಟೇ ಅಂದ. ಇವನು ಮತ್ತೆ ಬಗ್ಗಿ, ಹೆಚ್ಚು ಯೋಚಿಸದೆ, ಕೋಲು ಆಡಿಸಿದ. ಚೆಂಡು ದಾರ ಹಿಡಿದು ಎಳೆದ ಹಾಗೆ ನೇರವಾಗಿ ಹೋಗಿ ಕುಳಿಯ ನಡುವಿಗೆ ಬಿತ್ತು. ಜಡ್ಜರು ಚಪ್ಪಾಳೆ ತಟ್ಟಿದರು. ನೋಡಿದ್ರಾ, ನೋಡಿದ್ರಾ, ತಲೆ ಎತ್ತಲಿಲ್ಲ ಇವತ್ತು. ಅಳಿಯನೂ ತಟ್ಟಿದ, ಅವನ ಮುಖದ ಮೇಲೆ ಒಂದು ಭಾರ ಇಳಿದ ನಗು. ಮಾವ ಮಾತ್ರ ಆ ಕುಳಿಯನ್ನೇ ನೋಡುತ್ತ ನಿಂತ. ಕೈ ಅಲುಗಿರಲಿಲ್ಲ. ಕೊಟ್ಟುಬಿಟ್ಟ ಮೇಲೆ ಹೊಡೆದ ಚೆಂಡು ಅದು. ಬಿದ್ದರೂ ಒಂದೇ, ಬೀಳದಿದ್ದರೂ ಒಂದೇ. ಅದು ಅವನಿಗಿಂತ ಮೊದಲು ಅವನ ಕೈಗೆ ತಿಳಿದಿತ್ತು. ಬೆಳಗ್ಗೆಯಿಂದ ಕಾದ ಒಂದೇ ಒಂದು ಪರೀಕ್ಷೆಯನ್ನು ಈ ಹುಡುಗ ಪ್ರೀತಿಯಿಂದಲೇ ಹಾಳು ಮಾಡಿದ್ದ.

ಕ್ಲಿನಿಕ್ಕಿನ ಮುಂಬಾಗಿಲ ಅರ್ಧ ಷಟರ್ ಎತ್ತಿ ನರ್ಸಮ್ಮ ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಹೆಂಡತಿ ಮದುವೆಮನೆಗೆ ಹೊರಟವಳ ಹಾಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಆಟೋದಲ್ಲಿ ಬಂದಿದ್ದಳು. ಆಟ ಹೇಗಾಯ್ತು ಎಂದು ಅವಳು ಕೇಳಿದರೆ ಅಳಿಯ, ಮಾವ ಇವತ್ತು ಸಕತ್ತಾಗಿ ಆಡಿದ್ರು ಅತ್ತೆ, ಕೊನೇದನ್ನ ನೋಡಬೇಕಿತ್ತು ನೀವು, ಎಂದ. ಹಾಗಾದ್ರೆ ಚಿಂತೆಯಿಲ್ಲ ಬಿಡು ಎಂದು ಅವಳು ಕುರ್ಚಿಗೆ ಒರಗಿದಳು. ಚಿಂತೆ ಎಂಬ ಮಾತು ಎಲ್ಲಿಂದ ಬಂತು? ಅಳಿಯ ಪಕ್ಕದ ಕೋಣೆಯಲ್ಲಿ ಏನೋ ಕೆಲಸವಿದೆ ಎಂದು ಹೋಗಿ ಬಾಗಿಲನ್ನು ಪೂರ್ತಿ ಮುಚ್ಚದೆ ಬಿಟ್ಟ. ಇವನು ಕೈ ತೊಳೆದು, ಕೈಗವಸು ಹಾಕಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ. ಅದು ಸರಾಗವಾಗಿ ಆಯಿತು. ಹಲ್ಲಿನ ಮೇಲ್ಭಾಗವನ್ನು ಕೊರೆದು ತೆರೆದದ್ದೂ ಆಯಿತು. ಸುತ್ತ ರಬ್ಬರಿನ ಹಾಳೆ ಬಿಗಿದಾಗ ಆ ಒಂದೇ ಹಲ್ಲು ಅದರ ತೂತಿನಿಂದ ಮೇಲೆ ಬಂದು ಕೂತಿತು. ಮದುವೆಯಾದ ಹೊಸದರಲ್ಲಿ ಇವಳದೇ ಇನ್ನೊಂದು ಹಲ್ಲಿಗೆ ಸಿಮೆಂಟು ತುಂಬಿದ್ದ. ಆಗ ಬಾಯಿ ಮುಚ್ಚಲು ಬಿಟ್ಟಾಗಲೆಲ್ಲ ಅವಳು ಹಾಲಿನವನ ಕತೆ, ಪಕ್ಕದ ಮನೆಯವರ ಕತೆ ಹೇಳಿ ನಗಿಸಿ ಕೆಲಸ ಕೆಡಿಸುತ್ತಿದ್ದಳು. ಕೈ ಆಗ ಎಷ್ಟು ಹಗುರವಾಗಿತ್ತು ಎಂದರೆ ಕೈ ಇದೆ ಎನ್ನುವುದೇ ನೆನಪಿರುತ್ತಿರಲಿಲ್ಲ.

ನರ್ಸಮ್ಮ ಅತಿ ಸಣ್ಣ ಸೂಜಿಯನ್ನು ಅವನ ಬೆರಳುಗಳ ನಡುವೆ ಇಟ್ಟಳು. ದೀಪದ ಬೆಳಕಿನಲ್ಲಿ ಬೇರಿನ ಬಾಯಿ ಒಂದು ಚುಕ್ಕೆಯಾಗಿ ಕಾಣುತ್ತಿತ್ತು. ಅವನು ಬಗ್ಗುವಾಗ ಕಣ್ಣು ಒಮ್ಮೆ ಪಕ್ಕಕ್ಕೆ ಹೋಯಿತು. ಹೆಂಡತಿಯ ಎರಡೂ ಕೈಗಳು ಕುರ್ಚಿಯ ತೋಳುಗಳನ್ನು ಹಿಡಿದಿದ್ದವು. ಹಿಡಿದಿರುವುದಲ್ಲ, ಬೆರಳ ಗೆಣ್ಣುಗಳು ಬೆಳ್ಳಗಾಗಿ, ಬಳೆಗಳು ಮುಂಗೈಗೆ ಒತ್ತಿಕೊಂಡಿದ್ದವು. ಕಾಲ ಹೆಬ್ಬೆರಳುಗಳು ನೆಟ್ಟಗೆ ನಿಂತಿದ್ದವು. ಮರಗಟ್ಟಿದ ಹಲ್ಲಿಗೆ ನೋವಿರಲು ಸಾಧ್ಯವಿಲ್ಲ, ಅದು ಅವನಿಗೆ ಗೊತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿದ್ದಳು.

'ಭಯ ಆಗ್ತಿದೆಯಾ?' ಎಂದು ಕೇಳಿದ.

ಬಾಯಿ ತುಂಬ ರಬ್ಬರು, ಮಾತಾಡುವಂತಿಲ್ಲ. ಅವಳು ಕಣ್ಣು ತೆರೆದು, ಅವನ ಕಣ್ಣನ್ನೇ ನೋಡಿ, ಇಲ್ಲ ಎಂದು ತಲೆಯಾಡಿಸಿದಳು. ಗೆಣ್ಣುಗಳು ಹಾಗೆಯೇ ಇದ್ದವು. ಎಲ್ಲರೂ ಕೊಟ್ಟರು, ಇವಳೂ ಕೊಟ್ಟಳು. ಆದರೆ ಇವಳು ಕೊಡುತ್ತಿರುವುದು ಚೆಂಡನ್ನಲ್ಲ, ತನ್ನ ಬಾಯನ್ನು, ತನ್ನ ನರವನ್ನು. ತುಟಿ ಸೀಳಿದರೂ ಸೂಜಿ ಮುರಿದು ಬೇರಿನಲ್ಲೇ ಉಳಿದರೂ ಇವಳು ಮನೆಗೆ ಹೋಗಿ, ಹಲ್ಲೇ ಸೊಟ್ಟಗಿತ್ತು ರೀ ಎನ್ನುತ್ತಾಳೆ. ಅದು ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿ ಗೊತ್ತಾಯಿತು. ಮೈಯೆಲ್ಲ ಉರಿದುಹೋಯಿತು. ಬೇಡ ಎಂದು ಒಂದು ಮಾತು ಹೇಳಲು ಇವಳಿಗೆ ಏನು ಧಾಡಿ? ಇಷ್ಟು ವರ್ಷದ ಸಂಸಾರದಲ್ಲಿ ತಾನು ಆ ಒಂದು ಮಾತನ್ನು ತಾಳಲಾರದವನು ಎಂದು ಇವಳಿಗೆ ಯಾರು ಕಲಿಸಿದರು? ಕೇಳುವ ಮೊದಲೇ ಉತ್ತರವೂ ಹೊಳೆಯಿತು. ಫೋನಿನಲ್ಲಿ ಮಗಳ ಮೇಲೆ ರೇಗಿದ ತನ್ನ ದನಿ ಅಡುಗೆಮನೆಯ ತನಕ ಕೇಳಿಸಿರಬೇಕು. ಮಣಿಕಟ್ಟಿನೊಳಗೆ ಅದು ಮತ್ತೆ ಬಂದು ಕೂತಿತು, ಕಾಯುತ್ತ. ಅವನು ಸೂಜಿಯನ್ನು ತಟ್ಟೆಗೆ ಹಾಕಿದ. ಠಣ್ ಎಂಬ ಸದ್ದಿಗೆ ನರ್ಸಮ್ಮ ಬೆಚ್ಚಿಬಿದ್ದಳು. ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

'ಬಾರಪ್ಪ ಇಲ್ಲಿ,' ಎಂದು ಅಳಿಯನನ್ನು ಕರೆದ. 'ಇದನ್ನ ನೀನೇ ಮಾಡು. ನನ್ನ ಕೈ ನಡುಗುತ್ತೆ.'

ಅಳಿಯ ಬಾಗಿಲಲ್ಲೇ ನಿಂತು, ಹಾಗೇನಿಲ್ಲ ಮಾವ, ನೀವೇ, ಎಂದು ಶುರು ಮಾಡಿದ. ಇವನು ಎದ್ದು ಸ್ಟೂಲು ಬಿಟ್ಟುಕೊಟ್ಟು, ನರ್ಸಮ್ಮ ಕೂತಿದ್ದ ಕಡೆ ಬಂದು, ಜೊಲ್ಲೆಳೆಯುವ ಪೈಪನ್ನು ಅವಳ ಕೈಯಿಂದ ತೆಗೆದುಕೊಂಡ. ನರ್ಸಮ್ಮ ಈ ಸಲ ಅವನ ಮುಖ ನೋಡಿದಳು. ಅಳಿಯ ಕೂತ, ದೀಪ ಸರಿಪಡಿಸಿಕೊಂಡ, ಬಗ್ಗಿದ. ಆಗ ಕುರ್ಚಿಯ ತೋಳಿನ ಮೇಲಿನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಹೆಂಡತಿಯ ಭುಜ ಇಳಿಯಿತು, ಹೊಟ್ಟೆಯಿಂದ ಉದ್ದನೆಯ ಉಸಿರೊಂದು ಹೊರಗೆ ಬಂತು. ಅದನ್ನು ಅವನು ಕಣ್ಣು ಬಿಟ್ಟುಕೊಂಡು ಪೂರ್ತಿ ನೋಡಿದ. ಜೀವನದಲ್ಲಿ ಇಷ್ಟು ಅವಮಾನ ಅವನಿಗೆ ಆಗಿರಲಿಲ್ಲ. ಸೂಜಿ ಬೇರಿನೊಳಗೆ ಇಳಿಯಿತು, ಬಂತು, ಇಳಿಯಿತು. ನಡುವೆ ಅಳಿಯ, ಅಳತೆ ಸರಿ ಇದೆಯಾ ನೀವೊಂದು ಸಲ ನೋಡಿ ಮಾವ, ಎಂದ. ನಿನಗೆ ಗೊತ್ತಿರೋದನ್ನ ನನ್ನ ಕೇಳಬೇಡ, ಕೆಲಸ ನೋಡು ಎಂದು ಇವನು ಹೇಳಿದ. ಅಳಿಯ ಮುಂದಿನ ಸೂಜಿ ಎತ್ತಿಕೊಂಡ. ಇಬ್ಬರ ನಡುವೆ ಪೈಪಿನ ಸುರ್‌ ಸದ್ದು ಮಾತ್ರ ಉಳಿಯಿತು.

ಮುಗಿಸಿ ಹೊರಗೆ ಬಂದು ಕಾರಿನಲ್ಲಿ ಕೂತರು. ಅಳಿಯ ಕ್ಲಿನಿಕ್ಕು ಮುಚ್ಚಿ ಬರುತ್ತೇನೆಂದು ಕಾರಿನ ಬೀಗದ ಕೈ ಕೊಟ್ಟು ಕಳಿಸಿದ್ದ. ಇವನು ಕಾರು ಚಾಲೂ ಮಾಡಲಿಲ್ಲ. ಹೆಂಡತಿಯ ಕೆಳತುಟಿ ಎಡಕ್ಕೆ ಜೋತು ಮುಖವೇ ಬೇರೆ ಯಾರದೋ ಎಂಬಂತೆ ಕಾಣುತ್ತಿತ್ತು. ಅವಳು, ತೊದಲುತ್ತ, 'ಬೇಜಾರಾಯ್ತಾ?' ಎಂದಳು.

ಇಲ್ಲ ಎನ್ನಲು ಅವನ ಬಾಯಿ ಆಗಲೇ ಸಿದ್ಧವಾಗಿತ್ತು. 'ಹೂಂ,' ಎಂದ. 'ತುಂಬ.'

ಅವಳು ಎದುರಿನ ಗೋಡೆಯನ್ನು ನೋಡಿದಳು. 'ನನಗೂ ತುಂಬ ಭಯ ಆಗಿತ್ತು. ಹೇಳೋಕೆ ಆಗ್ಲಿಲ್ಲ. ನಿಮ್ಮ ಕೈ ನಡುಗೋದು ನಾನು ಯಾವತ್ತೋ ನೋಡಿದೀನಿ.'

ಬೆಳಗ್ಗೆಯಿಂದ ಯಾರ ಬಾಯಿಂದಲಾದರೂ ಬರಲಿ ಎಂದು ಕಾದಿದ್ದ ಮಾತು. ಬಂದರೆ ಹಾರಾಡಬೇಕು ಎಂದುಕೊಂಡಿದ್ದ. ಹಾರಾಡಲು ಏನೂ ಸಿಗಲಿಲ್ಲ. ಎದೆಯಲ್ಲಿ ನೋಯುತ್ತಿತ್ತು, ಅದು ಹೌದು. ಅವಳ ತುಟಿಯ ಮೂಲೆಯಿಂದ ಜೊಲ್ಲು ಗದ್ದದ ಮೇಲೆ ಇಳಿಯುತ್ತಿದ್ದುದು ಅವಳಿಗೆ ತಿಳಿದಿರಲಿಲ್ಲ. ಅವನು ಕರವಸ್ತ್ರ ತೆಗೆದು ಒರೆಸಲು ಹೋದ. ಇನ್ನೇನು ತಾಗಬೇಕು, ಕೈ ಎಗರಿ ಅವಳ ಮೂಗಿಗೆ ಬಡಿಯಿತು.

'ಮೂಗಿಗೆ ಹೊಡೆದ್ರಿ,' ಎಂದಳು. ನೋವಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಪರವಾಗಿಲ್ಲ ಎನ್ನಲಿಲ್ಲ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

'ಜೊಲ್ಲು ಹೋಯ್ತಾ?' ಎಂದು ಕೇಳಿದಳು.

ಅವನು ನೋಡಿ, ಇಲ್ಲ, ಇನ್ನೂ ಇದೆ ಎಂದ.

'ಹಾಗಾದ್ರೆ ಒರೆಸಿ,' ಎಂದು ಅವಳು ಮುಖವನ್ನು ಮುಂದಕ್ಕೆ ಚಾಚಿ, ಕಣ್ಣು ಮುಚ್ಚದೆ ಕಾದಳು.